ಹದಿಮೂರು ಸಲ ಹದಿನಾರು ನೂರು

ಸೊರಡಿಯಂಥ ಊರಿನಲ್ಲಿ ನಸುಕಿನ ಹೊತ್ತು ಡಾಂಬರು ರಸ್ತೆಯ ಮೇಲೆ ಹುಡುಗನೊಬ್ಬ ಓಡುತ್ತಿದ್ದರೆ ‘ಯಾಕ ಓಡಾಕತ್ತೀಯೋ’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ‘ಭರ್ತಿ ಯಾವಾಗ ಐತಿ ತಮ್ಮಾ’ ಎಂದೇ ಕೇಳುತ್ತಾರೆ. ಸೊರಡಿ ಇರುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ವಿಸ್ತಾರಕ್ಕೂ ಬರಕ್ಕೂ ಹೆಸರಾದದ್ದು. ನೀರು ಸಿಕ್ಕಲ್ಲಿ ದ್ರಾಕ್ಷಿ, ದಾಳಿಂಬೆ. ಸಿಗದಲ್ಲಿ ಜೋಳ, ಸಜ್ಜೆ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಹೊಲ ನಂಬಿ ಬದುಕು ಸಾಗದ ಮನೆಗಳಲ್ಲಿ ಮಗ ಸೈನ್ಯಕ್ಕೋ ಪೊಲೀಸಿಗೋ ಸೇರಿದರೆ ಮನೆ ನಿಂತಿತು ಎಂದೇ ಲೆಕ್ಕ.

ಆ ಲೆಕ್ಕಕ್ಕೆ ಒಂದೇ ಅಳತೆಗೋಲು: ಹದಿನಾರು ನೂರು ಮೀಟರ್. ಸೈನ್ಯದ ಭರ್ತಿಯಲ್ಲಿ ಆ ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಮಹಾರಾಷ್ಟ್ರ ಪೊಲೀಸ್ ಭರ್ತಿಯಲ್ಲಿ ಮೈದಾನದ 50 ಅಂಕಗಳಲ್ಲಿ 20 ಈ ಓಟಕ್ಕೇ ಮೀಸಲು. (ಗಡಿಯಾಚೆ ಕರ್ನಾಟಕದ ಪೊಲೀಸ್ ಪೇದೆ ಪರೀಕ್ಷೆ ಇದೇ ದೂರಕ್ಕೆ ಆರೂವರೆ ನಿಮಿಷ ಕೊಡುತ್ತದೆ. ಗಡಿ ಎಲ್ಲೆಲ್ಲಿ ಅಡ್ಡ ಬರುತ್ತದೆ ನೋಡಿ.) ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಮುಂದೆ ಮರಾಠಿ ಪ್ರಶ್ನೆಪತ್ರಿಕೆಯ ಎದುರು ಬೆವರುತ್ತಾನೆ. ಮೈದಾನದಲ್ಲಿ ಅವನ ಭಾಷೆ ಯಾವುದೆಂದು ಯಾರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಅಷ್ಟು ಜೀವ ತೆತ್ತು ಓಡುತ್ತಾನೆ.

ನನ್ನ ತಕರಾರು ಇರುವುದು ಆಮೇಲಿನದಕ್ಕೆ. ನೌಕರಿ ಸಿಕ್ಕರೂ ಓಟ ನಿಲ್ಲುತ್ತದೆ, ವಯಸ್ಸು ಮೀರಿದರೂ ನಿಲ್ಲುತ್ತದೆ. ವರ್ಷಗಟ್ಟಲೆ ಹದ ಮಾಡಿದ ಕಾಲು, ದಮ್ಮು, ನಸುಕಿಗೆ ಏಳುವ ರೂಢಿ ಎಲ್ಲ ಒಂದೇ ದಿನ ಬೇಡವಾಗುತ್ತವೆ. ಅರ್ಧ ಮ್ಯಾರಥಾನ್ ಎಂಬ ಓಟ ಬೇಕಾಗುವುದು ಇಂಥವರಿಗೇ. ಅದಕ್ಕೆ ಅಂಕ ಇಲ್ಲ, ಸರ್ಟಿಫಿಕೇಟ್ ತೋರಿಸಿದರೆ ನೌಕರಿಯೂ ಇಲ್ಲ. ಹಿಂದಿನ ಸಲ ಎಷ್ಟು ಹೊತ್ತಾಗಿತ್ತೋ ಅದಕ್ಕಿಂತ ಈ ಸಲ ಬೇಗ ಮುಗಿಸಬೇಕೆಂಬ ಹಟ ಒಂದೇ. ಓಟಗಾರರು ಅದನ್ನು ‘ಪಿಬಿ’ ಅನ್ನುತ್ತಾರೆ, ಪರ್ಸನಲ್ ಬೆಸ್ಟ್.

ಅರ್ಧ ಮ್ಯಾರಥಾನ್ ಅಂದರೆ 21.0975 ಕಿ.ಮೀ. ಜತ್ತದ ಹುಡುಗನ ಲೆಕ್ಕದಲ್ಲಿ ಹೇಳುವುದಾದರೆ ಹದಿಮೂರು ಸಲ ಹದಿನಾರು ನೂರು, ಮೇಲೆ ಮುನ್ನೂರು ಮೀಟರ್ ಕೊಸರು. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಒಂದು ಸೂತ್ರ ಕೊಟ್ಟ: ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ತುಸು ಹೆಚ್ಚು, ಸುಮಾರು 2.08 ಪಟ್ಟು. ಐದೂವರೆ ನಿಮಿಷದ ಹುಡುಗನನ್ನು ಈ ಸೂತ್ರಕ್ಕೆ ಹಾಕಿದರೆ ಅರ್ಧ ಮ್ಯಾರಥಾನಿಗೆ 1 ಗಂಟೆ 24 ನಿಮಿಷ 40 ಸೆಕೆಂಡು ಬರುತ್ತದೆ. ಹವ್ಯಾಸಕ್ಕೆ ಓಡುವವರಲ್ಲಿ ಎರಡು ಗಂಟೆಯೊಳಗೆ ಬಂದವರೇ ಎದೆಯುಬ್ಬಿಸಿ ನಡೆಯುತ್ತಾರೆ. ಒಂದೂವರೆ ಗಂಟೆಯೊಳಗೆ ಬಂದವರನ್ನು ಬೆರಳು ಮಾಡಿ ತೋರಿಸುತ್ತಾರೆ.

ಈ 1:24 ಎಂಬ ಅಂಕಿ ನಮ್ಮ ಭಾಗದ ಚರಿತ್ರೆಯಲ್ಲಿ ಒಮ್ಮೆ ಬಂದು ಹೋಗಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತಾಪಿ ಜನ ಬರಿಗಾಲಲ್ಲಿ ದೂರದ ಓಟ ಓಡಿದ್ದನ್ನು ದೊರಾಬ್ಜಿ ಟಾಟಾ ಕಂಡರು, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅಂದುಕೊಂಡರು. ಆಗಿನ ಒಂದು ಕಥೆ ಇನ್ನೂ ಬಳಕೆಯಲ್ಲಿದೆ: ಒಲಿಂಪಿಕ್ಸ್‌ನ 100 ಮೀಟರಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದ್ದಕ್ಕೆ ಜಿಮ್ಖಾನಾದ ಪ್ರಮುಖರೊಬ್ಬರು ‘ಒಂದೆರಡು ನಿಮಿಷ ಇರಬಹುದು’ ಅಂದರಂತೆ. ಓಡುವವರಿಗೆ ಕೊರತೆಯಿರಲಿಲ್ಲ, ಗಡಿಯಾರ ನೋಡುವವರಿಗೆ ಇತ್ತು. ಮರುವರ್ಷ ಆಂಟ್‌ವರ್ಪ್‌ಗೆ ಹೋದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ ಒಲಿಂಪಿಕ್ಸ್‌ಗಳಲ್ಲೇ ಅತಿ ಉದ್ದದ್ದು, 42.75 ಕಿ.ಮೀ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿ 19ನೆಯವರಾದರು. ಕಿಲೋಮೀಟರಿಗೆ ಹೆಚ್ಚುಕಡಿಮೆ ನಾಲ್ಕು ನಿಮಿಷ. ಆ ವೇಗದಲ್ಲಿ ಅರ್ಧ ಮ್ಯಾರಥಾನಿಗೆ ಆಗುವುದು 1:24:16. ಅವರು ಒಂದರ ಬೆನ್ನಿಗೊಂದು ಅಂಥ ಎರಡು ಓಡಿದರು, ಆ ಮಾತು ಬೇರೆ. ಆದರೂ ಭರ್ತಿಯಲ್ಲಿ ಪೂರ್ತಿ ಅಂಕ ಪಡೆದ ಹುಡುಗನ ಕಾಲಲ್ಲಿ ಸೂತ್ರದ ಪ್ರಕಾರ ಇರುವುದು ಹತ್ತಿರಹತ್ತಿರ ಅದೇ ವೇಗ. ಇಲ್ಲದಿರುವುದು ಅದನ್ನು ಹಿಡಿದಿಟ್ಟುಕೊಳ್ಳುವ ತಾಳಿಕೆ.

ತಾಳಿಕೆ ಈ ಬರಸೀಮೆಗೆ ಹೊಸದಲ್ಲ. ಪಕ್ಕದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಮೋಹಿ ಜತ್ತದಷ್ಟೇ ಒಣ ಊರು. ಅಲ್ಲಿಯ ಲಲಿತಾ ಬಾಬರ್ 2015ರ ನವೆಂಬರ್ 29ರಂದು ದೆಹಲಿಯಲ್ಲಿ ಅರ್ಧ ಮ್ಯಾರಥಾನನ್ನು 1:10:52ಕ್ಕೆ ಮುಗಿಸಿದರು. ನಮ್ಮ ಅಳತೆಗೋಲಿಗೆ ಹಾಕಿದರೆ ಪ್ರತಿ ಹದಿನಾರು ನೂರಕ್ಕೆ 5 ನಿಮಿಷ 22 ಸೆಕೆಂಡು. ಹುಡುಗರು ಒಂದು ಸಲ ಓಡಿ ನೆಲಕ್ಕೆ ಬೀಳುವ ವೇಗಕ್ಕಿಂತ ಜೋರಾಗಿ, ನಿಲ್ಲದೆ ಹದಿಮೂರು ಸಲ. ಮರುವರ್ಷ ಅವರು ರಿಯೊ ಒಲಿಂಪಿಕ್ಸ್‌ನ ಸ್ಟೀಪಲ್‌ಚೇಸ್ ಫೈನಲ್‌ನಲ್ಲಿ ಓಡಿ 10ನೆಯವರಾದರು. ಸರಿಯಾಗಿ ಐದು ವರ್ಷದ ಮೇಲೆ, 2020ರ ಅದೇ ನವೆಂಬರ್ 29ರಂದು, ಅದೇ ದೆಹಲಿಯಲ್ಲಿ, ಬೀಡ್ ಜಿಲ್ಲೆಯ ಮಾಂಡವಾದ ಅವಿನಾಶ್ ಸಾಬಳೆ 1:00:30ಕ್ಕೆ ಬಂದರು. ಅದುವರೆಗಿನ ರಾಷ್ಟ್ರೀಯ ದಾಖಲೆಗಿಂತ ಮೂರು ನಿಮಿಷಕ್ಕೂ ಮಿಕ್ಕು ಕಡಿಮೆ. ಬಸ್ಸಿಲ್ಲದ ಊರಿನಿಂದ ಆರು ಕಿ.ಮೀ. ದೂರದ ಶಾಲೆಗೆ ಹೋಗಿಬಂದ ಹುಡುಗ, ಸೈನ್ಯಕ್ಕೆ ಸೇರಿ ಸಿಯಾಚಿನ್‌ನಲ್ಲಿ ಪಹರೆ ಮಾಡಿ ಬಂದವರು. ಭರ್ತಿ ಆದಮೇಲೆ ಓಟ ಶುರುವಾದ ಅಪರೂಪದ ಕಥೆ ಅದು.

ಸಾಬಳೆಯ ಮಾತು ಅಲ್ಲಿಗಿರಲಿ. ಸೊರಡಿಯ ಕಡೆಯವನೊಬ್ಬ ಅರ್ಧ ಮ್ಯಾರಥಾನ್ ಓಡಬೇಕೆಂದರೆ ಗುಹಾಗರ–ವಿಜಯಪುರ ರಸ್ತೆ ಹಿಡಿದು ಗಡಿ ದಾಟಿದರೆ ಸಾಕು. ವಿಜಯಪುರದಲ್ಲಿ ಗಿಡ ಬೆಳೆಸುವ ‘ಕೋಟಿ ವೃಕ್ಷ ಅಭಿಯಾನ’ದ ಬೆನ್ನಿಗೆ ಹುಟ್ಟಿದ ‘ವೃಕ್ಷೊಥಾನ್’ ಓಟದಲ್ಲಿ 21 ಕಿ.ಮೀ. ವಿಭಾಗವಿದೆ. 2023ರಲ್ಲಿ ಅದು ನಡೆದದ್ದು ಡಿಸೆಂಬರ್ 24ರಂದು. ಡಿಸೆಂಬರಿನ ನಸುಕು ಈ ಸೀಮೆಯಲ್ಲಿ ಓಡಲು ಹೇಳಿ ಮಾಡಿಸಿದ ಹೊತ್ತು. ಬಿಸಿಲಿದ್ದರೆ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕಾಲಿಗೆ ಸಿಗುವುದು ಕಡಿಮೆಯಾಗುತ್ತದೆ, ಎದೆಬಡಿತ ಏರುತ್ತದೆ. ಚೈತ್ರದ ಜತ್ತದಲ್ಲಿ ಪಿಬಿಯ ಮಾತೆತ್ತಬಾರದು.

ಭರ್ತಿಯ ಹುಡುಗ ಮೊದಲು ಕಲಿಯಬೇಕಾದದ್ದು ನಿಧಾನ. ಅವನು ಓಡಿದಾಗಲೆಲ್ಲ ಏದುಸಿರು ಬರುವಂತೆ ಓಡುತ್ತಾನೆ; ಹಾಗೆ ಓಡದಿದ್ದರೆ ಜೊತೆಯವರು ನಗುತ್ತಾರೆ. ಅರ್ಧ ಮ್ಯಾರಥಾನಿನ ತಯಾರಿಯಲ್ಲಿ ಹೆಚ್ಚು ಪಾಲು ಪಕ್ಕದವನ ಜೊತೆ ಮಾತಾಡುತ್ತ ಓಡುವ ವೇಗದಲ್ಲೇ ಸಾಗಬೇಕು. ಸ್ನಾಯುಗಳಲ್ಲಿ ನವಿರು ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಸುಟ್ಟು ಶಕ್ತಿ ಮಾಡಿಕೊಳ್ಳುವ ಗುಣ ಬರುವುದು ಆ ಮಂದಗತಿಯ ಮೈಲುಗಳಲ್ಲೇ. ವಾರಕ್ಕೊಂದು ದಿನ ‘ದಮ್ಮು ಕಟ್ಟುವ ಮುಂಚಿನ’ ವೇಗದಲ್ಲಿ ಇಪ್ಪತ್ತು-ಮೂವತ್ತು ನಿಮಿಷ, ಒಂದು ದಿನ ಉದ್ದದ ಓಟ, ಉಳಿದದ್ದೆಲ್ಲ ಹಗುರ. ಕೊನೆಯ ಹತ್ತು ಹನ್ನೆರಡು ದಿನ ಓಟ ಇಳಿಸಬೇಕು. ಆಗ ಕಾಲು ತಿನ್ನುವ ಹಾಗೆ ಆಗುತ್ತದೆ, ಎಲ್ಲ ಮರೆತುಹೋಯಿತೇನೋ ಅನ್ನಿಸುತ್ತದೆ. ಓಟದ ಹಿಂದಿನ ರಾತ್ರಿ ಕಡಕ್ ರೊಟ್ಟಿ, ಕೆಂಪು ಖಾರದ ಚಟ್ನಿ ಬೇಡ, ಅನ್ನ-ಮೊಸರು ಸಾಕು ಅಂದರೆ ನಮ್ಮ ಕಡೆಯವರಿಗೆ ಅದೇ ದೊಡ್ಡ ಶಿಕ್ಷೆ.

ಎರಡು ಗಂಟೆಯೊಳಗೆ ಬರಬೇಕೆಂದು ಹೊರಟವನ ಲೆಕ್ಕ ಹೀಗಿರುತ್ತದೆ. ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. 5 ಕಿ.ಮೀ. ಫಲಕ 28:26ಕ್ಕೆ, 10 ಕಿ.ಮೀ. 56:53ಕ್ಕೆ, 15 ಕಿ.ಮೀ. 1:25:19ಕ್ಕೆ. ಕೆಲವರು ಇದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಓಡುತ್ತಾರೆ. ಆದರೆ ಕೈಗಡಿಯಾರ ಮೋಸ ಮಾಡುತ್ತದೆ. ಪ್ರಮಾಣೀಕೃತ ಓಟದ ದಾರಿಯನ್ನು ಸೈಕಲ್ಲಿನ ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಎಂಬ ಚಿಕ್ಕ ಯಂತ್ರ ಕಟ್ಟಿ, ತಿರುವುಗಳ ಒಳಅಂಚಿಗೆ ಒತ್ತಿ ಅಳೆಯುತ್ತಾರೆ. ಕಡಿಮೆ ಬೀಳದಿರಲೆಂದು ಸಾವಿರಕ್ಕೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಗುಂಪಿನಲ್ಲಿ ಓಡುವವನಿಗೆ ಒಳಅಂಚು ಸಿಗುವುದಿಲ್ಲ. ಅಂತ್ಯದಲ್ಲಿ ಅವನ ಗಡಿಯಾರ 21.3 ತೋರಿಸುತ್ತದೆ. ಹಾಗಾಗಿ ಗಡಿಯಾರದಲ್ಲಿ 5:41 ಕಂಡವನು ಎರಡು ಗಂಟೆ ಒಂದು ನಿಮಿಷಕ್ಕೆ ಬಂದು ‘ದಾರಿ ಉದ್ದ ಆಗಿತ್ರೀ’ ಎಂದು ಸಂಘಟಕರ ಜೊತೆ ಜಗಳ ತೆಗೆಯುತ್ತಾನೆ. ಬಲ್ಲವರು 5:38ರಲ್ಲಿ ಓಡುತ್ತಾರೆ.

ಹದಿನಾರನೇ ಕಿಲೋಮೀಟರಿನ ನಂತರ ಏನಾಗುತ್ತದೆ ಎಂಬುದನ್ನು ಈ ಸೀಮೆಯ ಹೆಂಗಸರು ನನಗಿಂತ ಚೆನ್ನಾಗಿ ಹೇಳಬಲ್ಲರು. ಛಟ್ಟಿ ಅಮಾವಾಸ್ಯೆಗೆ ಕರ್ನಾಟಕದ ಜಿಲ್ಲೆಗಳಿಂದ ಜತ್ತ ತಾಲೂಕಿನ ಗುಡ್ಡಾಪುರಕ್ಕೆ, ದಾನಮ್ಮದೇವಿಯ ದರ್ಶನಕ್ಕೆ ಹೆಂಗಸರೂ ಸೇರಿ ಸಾವಿರಾರು ಜನ ನಡೆದು ಬರುತ್ತಾರೆ. ಹಲವರು ಬರಿಗಾಲಲ್ಲಿ. ಅವರ ನಡಿಗೆಯಲ್ಲಿ ಆತುರವಿಲ್ಲ, ಮೊದಲ ಹರದಾರಿಗೂ ಕೊನೆಯ ಹರದಾರಿಗೂ ಒಂದೇ ಹದ. ಮೊದಲ ಐದು ಕಿಲೋಮೀಟರಿನಲ್ಲಿ ಹುಮ್ಮಸ್ಸಿಗೆ ಬಿದ್ದು ಓಡಿ, ಕೊನೆಯ ಐದರಲ್ಲಿ ಸೊಂಟ ಹಿಡಿದುಕೊಂಡು ನಡೆಯುವವರನ್ನು ನಾನು ಪ್ರತಿ ಓಟದಲ್ಲೂ ಕಂಡಿದ್ದೇನೆ. ಬಹುತೇಕ ಅವರೆಲ್ಲ ಗಂಡಸರು.

ಪಿಬಿ ಹುಡುಕುವವರು ದಾರಿಯನ್ನೂ ಆರಿಸಿಕೊಳ್ಳಬೇಕು. ಸಮತಟ್ಟಾದ ಊರು, ಚಳಿಗಾಲದ ಬೆಳಗು ಸಿಕ್ಕರೆ ಅರ್ಧ ಕೆಲಸ ಆದಂತೆ. ಸಾತಾರಾದಲ್ಲಿ 2012ರಿಂದ ಹಿಲ್ ಹಾಫ್ ಮ್ಯಾರಥಾನ್ ನಡೆಯುತ್ತಿದೆ. 2015ರಲ್ಲಿ 2,618 ಮಂದಿ ಓಡಿ ಬೆಟ್ಟದ ಓಟಕ್ಕೆ ಗಿನ್ನೆಸ್ ದಾಖಲೆ ಮಾಡಿದರು. ಸೆಪ್ಟೆಂಬರಿನ ಜಿಟಿಜಿಟಿ ಮಳೆಯಲ್ಲಿ ಯವತೇಶ್ವರದ ಘಾಟಿ ಹತ್ತಿ ಇಳಿಯುವ ದಾರಿ ಅದು. ಅಲ್ಲಿ ಪಿಬಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಹೆಸರು ನೋಂದಾಯಿಸುತ್ತಾರೆ, ಘಾಟಿ ಹತ್ತುವಾಗ ಗಡಿಯಾರ ನೋಡಿಕೊಳ್ಳುತ್ತಲೇ ಇರುತ್ತಾರೆ.