ಹುಲ್ಲು ನೇರಳೆ, ನೀರು ಕೆಂಪು

ವಕ್ಕಲೇರಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಹಳೇ ಗೇಮ್ ಸೀಡಿ ಹಾಕಿಕೊಂಡು ಕೂತಿದ್ದ. ತೆರೆಯ ಮೇಲೆ ಹುಲ್ಲು ನೇರಳೆ, ನೀರು ಕೆಂಪು. "ಅಣ್ಣಾ, ಮಾನಿಟರ್ ಹೋಗೈತೆ, ಕೋಲಾರಕ್ಕೆ ತಗೊಂಡೋಗ್ಬೇಕು" ಎಂದರು ಅವನ ಅಪ್ಪ. ಗೇಮ್ ಮುಚ್ಚಿಸಿ ನೋಡಿದೆ. ಡೆಸ್ಕ್‌ಟಾಪಿನ ಬಣ್ಣ ನೆಟ್ಟಗಿತ್ತು. ಮಾನಿಟರಿನದು ತಪ್ಪಿಲ್ಲ ಎಂದು ಅಲ್ಲಿಗೇ ತೀರ್ಮಾನವಾಯಿತು.

ಮೊದಲು ನೋಡಬೇಕಾದ್ದೇ ಇದು. ಡೆಸ್ಕ್‌ಟಾಪೂ ಬಣ್ಣಗೆಟ್ಟಿದ್ದರೆ ಹಿಂದಿನ ವಿಜಿಎ ಕೇಬಲ್ ಬಿಚ್ಚಿ, ಪಿನ್ ಬಾಗಿದೆಯೇ ನೋಡಿ, ತಿರುಪು ಬಿಗಿಮಾಡಿ. ಅದರಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿಗಳಿವೆ. ನೀಲಿ ಕಡಿದರೆ ಬಿಳಿಯೆಲ್ಲ ಹಳದಿಯಾಗುತ್ತದೆ. ಹಸಿರು ಕಡಿದರೆ ಗಾಢ ಗುಲಾಬಿ.

ಒಂದೇ ಒಂದು ಹಳೇ ತಂತ್ರಾಂಶದಲ್ಲಿ ಮಾತ್ರ ಬಣ್ಣ ಕೆಟ್ಟರೆ ಕತೆಯೇ ಬೇರೆ. 1990ರ ದಶಕದಲ್ಲಿ ಮೆಮೊರಿ ದುಬಾರಿ. 640×480 ತೆರೆಯಲ್ಲಿ 3,07,200 ಚುಕ್ಕಿಗಳು; ಈಗಿನಂತೆ ಒಂದೊಂದಕ್ಕೂ ಮೂರು ಬೈಟ್ ಕೊಟ್ಟರೆ 900 ಕೆಬಿ ಬೇಕು. ಒಂದೇ ಬೈಟ್ ಕೊಟ್ಟರೆ 300 ಕೆಬಿ ಸಾಕು, ಆದರೆ ಬಣ್ಣ 256 ಮಾತ್ರ. ರಂಗೋಲಿ ಪುಡಿಯ 256 ಡಬ್ಬಿಗಳಿಗೆ ನಂಬರ್ ಅಂಟಿಸಿಟ್ಟ ಹಾಗೆ: ಚಿತ್ರದಲ್ಲಿರುವುದು ಬಣ್ಣವಲ್ಲ, ಡಬ್ಬಿಯ ನಂಬರ್. ಈ ಡಬ್ಬಿಸಾಲಿಗೇ ಪ್ಯಾಲೆಟ್ ಎನ್ನುವುದು. ಅದರಲ್ಲೂ 20 ಡಬ್ಬಿಗಳನ್ನು ವಿಂಡೋಸ್ ತನಗೆಂದೇ ಇಟ್ಟುಕೊಳ್ಳುತ್ತಿತ್ತು. ನಡುವೆ ಇನ್ನೊಂದು ಪ್ರೋಗ್ರಾಂ ಬಂದು ಡಬ್ಬಿಗಳ ಪುಡಿ ಬದಲಿಸಿದರೆ, ನಂಬರ್ ಅದೇ ಇದ್ದರೂ ಹುಲ್ಲು ನೇರಳೆಯಾಗುತ್ತದೆ.

1999ರ ಏಜ್ ಆಫ್ ಎಂಪೈರ್ಸ್ 2 ಆಟಕ್ಕೆ ವಿಂಡೋಸ್ 7ರಲ್ಲಿ ಆಗುತ್ತಿದ್ದದ್ದು ಇದೇ. ಪುಡಿ ಬದಲಿಸುತ್ತಿದ್ದದ್ದು ಎಕ್ಸ್‌ಪ್ಲೋರರ್, ಅಂದರೆ ಐಕಾನು, ಟಾಸ್ಕ್‌ಬಾರ್ ತೋರಿಸುವ ಪ್ರೋಗ್ರಾಂ.

ಸುಲಭದ ಉಪಾಯದಿಂದ ಶುರುಮಾಡಿ. ವಿಂಡೋಸ್ 7ರಲ್ಲಾದರೆ ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸ್ಕ್ರೀನ್ ರೆಸಲ್ಯೂಷನ್ ಕಿಟಕಿಯನ್ನು ತೆರೆದಿಟ್ಟೇ ಗೇಮ್ ಓಡಿಸಿ. ಕೇಳಲು ತಮಾಷೆ, ಆದರೆ ಎಷ್ಟೋ ಸಲ ಇಷ್ಟೇ ಸಾಕು. ಆಗದಿದ್ದರೆ ಗೇಮಿನ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ 256 ಬಣ್ಣದ ಆಯ್ಕೆಗೆ ಟಿಕ್ ಹಾಕಿ. ವಿಂಡೋಸ್ 10ರಲ್ಲಿ ಅದರ ಹೆಸರು ರೆಡ್ಯೂಸ್ಡ್ ಕಲರ್ ಮೋಡ್. ವಿಂಡೋಸ್ 8ರಿಂದೀಚೆಗೆ ನಿಜವಾದ 256 ಬಣ್ಣದ ತೆರೆಯೇ ಇಲ್ಲ, ಇದ್ದಂತೆ ನಟಿಸುತ್ತದೆ ಅಷ್ಟೆ.

ಇದಕ್ಕೂ ಜಗ್ಗದಿದ್ದರೆ ಎಕ್ಸ್‌ಪ್ಲೋರರನ್ನೇ ನಿಲ್ಲಿಸುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪ್ರೊಸೆಸ್ ಪಟ್ಟಿಯಲ್ಲಿ ಅದನ್ನು ಮುಗಿಸಿ, ಫೈಲ್ ಮೆನುವಿನ ನ್ಯೂ ಟಾಸ್ಕ್‌ನಿಂದ ಗೇಮ್ ಓಡಿಸಿ. ಅಂಗಡಿಯಲ್ಲಿ ಕೊನೆಗೆ ಕೈಹಿಡಿದದ್ದು ಇದೇ.

ಆಟ ಮುಗಿದ ಮೇಲೆ ಅದೇ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಲು ಮರೆಯಬೇಡಿ. ಮರೆತರೆ ಐಕಾನೂ ಇಲ್ಲ, ಟಾಸ್ಕ್‌ಬಾರೂ ಇಲ್ಲ. ಈ ಸಲ ಕಂಪ್ಯೂಟರೇ ಹೋಯಿತೆಂದು ಕೋಲಾರದ ಬಸ್ಸು ಹತ್ತುತ್ತೀರಿ.