ಅಣ್ಣನ ಸವಾಲು, ತಮ್ಮನ ಜವಾಬು: ಜತ್ತ ಭಾಗದಲ್ಲಿ ‘ದೀವಾರ್’

ಯಶ್ ಚೋಪ್ರಾ ನಿರ್ದೇಶನದ ಹಿಂದಿ ಚಿತ್ರ ‘ದೀವಾರ್’ (1975) ಅನ್ನು ಜತ್ತ ತಾಲೂಕಿನ ಕನ್ನಡ ಮನೆಗಳು ಹೇಗೆ ಕೇಳಿಸಿಕೊಂಡವು ಎಂಬುದು ನನ್ನ ಪ್ರಶ್ನೆ. ಕೇಳಿಸಿಕೊಂಡವು ಅಂತ ಯಾಕೆ ಅಂದೆ ಅಂದ್ರೆ, ಸಲೀಂ–ಜಾವೇದ್ ಬರೆದ ಈ ಚಿತ್ರ ನಡೆಯೋದೇ ಮಾತಿನ ಮೇಲೆ. ಅಣ್ಣ ವಿಜಯ್ ಮುಂಬೈ ಬಂದರಿನ ಹಮಾಲ, ಮುಂದೆ ಕಳ್ಳಸಾಗಣೆಗೆ ಇಳಿದವನು. ತಮ್ಮ ರವಿ ಪೊಲೀಸ್ ಅಧಿಕಾರಿ.

ನಮ್ಮ ಹಿರಿಯರು ಮೊದಲು ನೆನೆಯೋದು ರೊಟ್ಟಿ ಕದ್ದ ಹುಡುಗನ ಪ್ರಸಂಗ. ಓಡುತ್ತಿದ್ದ ಹುಡುಗನ ಕಾಲಿಗೆ ರವಿ ಗುಂಡು ಹಾರಿಸುತ್ತಾನೆ. ಆಮೇಲೆ ಊಟ ಹಿಡಿದು ಅವನ ಮನೆಗೆ ಹೋದರೆ, ತಾಯಿ ಬೈಯುತ್ತಾಳೆ; ಮಾಸ್ತರನಾದ ತಂದೆ ಕಳವು ಕಳವೇ ಅನ್ನುತ್ತಾನೆ. ಇಲ್ಲಿ ನೋಡುಗರಲ್ಲಿ ಎರಡು ಪಕ್ಷ: ಕಾಯ್ದೆ ಖರೆ ಅನ್ನೋರು ಒಂದು ಕಡೆ, ಹಸಿದ ಹೊಟ್ಟಿಗೆ ಎಲ್ಲೀ ಕಾಯ್ದೆ ಅನ್ನೋರು ಇನ್ನೊಂದು ಕಡೆ.

ಈ ರೂಢಿ ಹಳೆಯದು. ಹರದೇಶಿ–ನಾಗೇಶಿ ಗೀಗೀ ಮೇಳಗಳು ಗಂಡು–ಹೆಣ್ಣಿನ ಪಕ್ಷ ಹಿಡಿದು ಸವಾಲು–ಜವಾಬು ಹಾಡುತ್ತವೆ. ಯಾರ ಜವಾಬು ಗಟ್ಟಿ ಎಂದು ಜನ ತೂಗುತ್ತಾರೆ. ಸೇತುವೆ ಕೆಳಗಿನ ಅಣ್ಣತಮ್ಮಂದಿರ ಮಾತನ್ನೂ ಹಾಗೇ ತೂಗಿದರು: ಅಣ್ಣ ಆಸ್ತಿ ಎಣಿಸುತ್ತಾನೆ, ತಮ್ಮ ತಾಯಿಯನ್ನು ಮುಂದಿಡುತ್ತಾನೆ.

ಬರದ ಈ ತಾಲೂಕಿನಲ್ಲಿ ಒಬ್ಬ ಕಬ್ಬು ಕಡಿಯಲು ಹೋಗುತ್ತಾನೆ, ಇನ್ನೊಬ್ಬ ತಾಯಿ ಹತ್ರ ಉಳಿಯುತ್ತಾನೆ. ತಾಯಿಯ ಔಷಧಕ್ಕೆ ರೊಕ್ಕ ಕಳಿಸೋನು ಹೋದವನೇ ಆದರೆ, ತಾಯಿ ಯಾರ ಪಾಲು? ದೇಶಕ್ಕೆಲ್ಲ ಕೊನೆಯ ಮಾತಾದ ತಮ್ಮನ ಜವಾಬಿಗೆ ನಮ್ಮಲ್ಲಿ ಮರುಸವಾಲು ಉಂಟು. ಹಿಂದಿ ಸಂಭಾಷಣೆ ಕನ್ನಡದ ವಾದವಾಗೋದು ಇಲ್ಲೇ ಎಂಬುದು ನನ್ನ ನಿಲುವು. ತಮ್ಮ ಪ್ರಶ್ನೆಗಳಿಗೆ ಸ್ವಾಗತ.