ಕಣ್ಣಿಗೆ ಕಾಣುವ ಕೊನೆಯ ಚಿಪ್‌ಗಳು

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುವಾಗ 8085 ಪ್ರೊಸೆಸರಿನ ಕಲಿಕಾ ಕಿಟ್ ಮುಟ್ಟಿದವರಿಗೆ ಅದರ ಕೀಲಿಗಳೂ ಕೆಂಪಗೆ ಉರಿಯುವ ಅಂಕಿಗಳೂ ನೆನಪಿರುತ್ತವೆ. ಅದೇ ಬೋರ್ಡಿನಲ್ಲಿ ಬೆನ್ನಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಕೂತ ಇಪ್ರಾಮ್ ಎಂಬ ನೆನಪಿನ ಚಿಪ್ಪನ್ನು ಗಮನಿಸಿದವರು ಕಡಿಮೆ. ಸ್ಟಿಕ್ಕರ್ ಕಿತ್ತರೆ ದುಂಡನೆಯ ಕಿಟಕಿ. ಅದರಾಚೆ ಹೊಳೆಯುವ ಸಿಲಿಕಾನ್ ಚೂರು. ಭೂತಗನ್ನಡಿ ಹಿಡಿದರೆ ಅಡಿಕೆ ತೋಟದ ಸಾಲಿನಂತೆ ಒಪ್ಪವಾಗಿ ನಿಂತ ನೆನಪಿನ ಕೋಶಗಳ ಹರವು, ಅಂಚಿನಿಂದ ಹೊರಟ ಕೂದಲಿಗಿಂತ ತೆಳುವಾದ ತಂತಿಗಳು.

ಕಿಟಕಿ ಇಟ್ಟದ್ದು ಅಂದಕ್ಕಲ್ಲ. ಇಂಟೆಲ್‌ನ ಡಾವ್ ಫ್ರೋಮನ್ 1971ರಲ್ಲಿ ರೂಪಿಸಿದ ಈ ಚಿಪ್ಪಿನ ನೆನಪನ್ನು ಅಳಿಸಲು ನೇರಳಾತೀತ ಬೆಳಕು ಬೇಕು. ಮಾಮೂಲಿ ಗಾಜು ಅದನ್ನು ತಡೆಯುತ್ತದೆ, ಕ್ವಾರ್ಟ್ಸ್, ಎಂದರೆ ಬೆಣಚುಕಲ್ಲು, ಬಿಡುತ್ತದೆ. ಕಿಟಕಿ ಅದರದ್ದೇ. ನೇರ ಬಿಸಿಲಿಗಿಟ್ಟರೆ ಸುಮಾರು ಒಂದು ವಾರದಲ್ಲಿ ಬರೆದದ್ದೆಲ್ಲ ಅಳಿಸಿಹೋದೀತು. ನೋಡಿದ ಮೇಲೆ ಸ್ಟಿಕ್ಕರ್ ಮತ್ತೆ ಅಂಟಿಸಬೇಕು.

ಚಿಪ್ಪಿನೊಳಗಿನ ಸಿಲಿಕಾನ್ ನಮ್ಮ ಕಡೂರು ಸೀಮೆಗೆ ಹೊಸದೇನಲ್ಲ. ಕಡೂರು, ತರೀಕೆರೆಯವರು ದಿನವೂ ನೋಡುವ ಬಾಬಾಬುಡನ್ ಗಿರಿಸಾಲಿನಲ್ಲಿ ಕಬ್ಬಿಣದ ಪದರ, ಸಿಲಿಕಾ ಪದರ ಒಂದರ ಮೇಲೊಂದು ಕೂತಿವೆ. ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಗೆ ಸಾಗಿಸಿದ್ದು ಕಬ್ಬಿಣಕ್ಕಾಗಿ. ಜೊತೆಗಿದ್ದ ಸಿಲಿಕಾ, ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದದ್ದು.

ಇನ್ನು ಪ್ರೊಸೆಸರ್. 1971ರ ಇಂಟೆಲ್ 4004ರಲ್ಲಿ 2,300 ಟ್ರಾನ್ಸಿಸ್ಟರ್‌ಗಳಿದ್ದವು. ವಿನ್ಯಾಸಕಾರ ಫೆಡೆರಿಕೋ ಫಾಜಿನ್ ತನ್ನ ಹೆಸರಿನ ಮೊದಲಕ್ಷರಗಳನ್ನು ಸಿಲಿಕಾನ್ ಮೇಲೆಯೇ ಕೆತ್ತಿಸಿದ್ದ. 1976ರ 8085ರಲ್ಲಿ ಟ್ರಾನ್ಸಿಸ್ಟರ್‌ಗಳು ಸುಮಾರು 6,500, ಗೆರೆಯ ಅಗಲ 3 ಮೈಕ್ರಾನ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು ಅರ್ಧ ಮೈಕ್ರಾನ್. ಬೆಳಕಿಗಿಂತ ಗೆರೆ ದಪ್ಪ. ಹಾಗಾಗಿಯೇ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಆದರೆ ಕೆಳಗಿನಿಂದ ಬೆಳಕು ಹಾಯಿಸುವ ಜೀವವಿಜ್ಞಾನ ಲ್ಯಾಬಿನದು ಸಾಲದು. ಸಿಲಿಕಾನ್ ಪಾರದರ್ಶಕವಲ್ಲ, ಬೆಳಕು ಮೇಲಿನಿಂದಲೇ ಬೀಳಬೇಕು. ಮೆಕ್ಯಾನಿಕಲ್ ವಿಭಾಗದವರು ಲೋಹ ಪರೀಕ್ಷೆಗೆ ಬಳಸುವ ಸೂಕ್ಷ್ಮದರ್ಶಕ ಇದಕ್ಕೆ ಹೇಳಿಮಾಡಿಸಿದ್ದು.

ನೋಡುವುದು ಬರೀ ಕುತೂಹಲವೂ ಅಲ್ಲ. ಗ್ರೆಗ್ ಜೇಮ್ಸ್ ಮತ್ತು ಗೆಳೆಯರು 6502 ಎಂಬ ಹಳೆಯ ಪ್ರೊಸೆಸರಿನ ಫೋಟೊ ತೆಗೆದು, ಒಂದೊಂದು ಗೆರೆಯನ್ನೂ ತಿದ್ದಿ, 2010ರಲ್ಲಿ ಅದನ್ನು ಕಂಪ್ಯೂಟರ್ ಪರದೆಯ ಮೇಲೆ ಮರಳಿ ಓಡಿಸಿದರು. 1994ರಲ್ಲಿ ಭಾಗಾಕಾರ ತಪ್ಪಿ ಇಂಟೆಲ್‌ಗೆ 47.5 ಕೋಟಿ ಡಾಲರ್ ಹೊರೆ ತಂದ ಪೆಂಟಿಯಂ ಪ್ರೊಸೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಲೆಕ್ಕದ ಕೋಷ್ಟಕದಲ್ಲಿ 5 ಮನೆಗಳು ಖಾಲಿ ಉಳಿದಿದ್ದವು ಎಂದೇ ಎಲ್ಲರೂ ನಂಬಿದ್ದರು. ಮೂವತ್ತು ವರ್ಷಗಳ ನಂತರ ಕೆನ್ ಶಿರಿಫ್ ಎಂಬುವರು ಆ ಚಿಪ್ ಬಿಚ್ಚಿ, ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಿದರು. ಬಿಟ್ಟುಹೋದವು 16! ಉಳಿದ 11 ಅದೃಷ್ಟವಶಾತ್ ಬಳಕೆಗೆ ಬಂದಿರಲಿಲ್ಲ.

ಆಮೇಲಿನ ಚಿಪ್ಪುಗಳನ್ನು ಹೀಗೆ ನೋಡಲಾಗದು. ಬೆಂಗಳೂರಿನಲ್ಲಿ ಇಂಟೆಲ್ ವಿನ್ಯಾಸಗೊಳಿಸಿ 2008ರಲ್ಲಿ ಹೊರತಂದ ಝಿಯಾನ್ 7400 ಸರಣಿಯ ಚಿಪ್ಪಿನಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ತಯಾರಿ 45 ನ್ಯಾನೋಮೀಟರ್ ತಂತ್ರಜ್ಞಾನದ್ದು. ಅವುಗಳ ಮೇಲೆ ಲೋಹದ ಹಲವು ಪದರಗಳ ಹೊದಿಕೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಆ ಲೋಕ ಎಟುಕದು.

ಪ್ಲಾಸ್ಟಿಕ್ ಕವಚದ ಚಿಪ್ ಬಿಡಿಸಲು ಹೊಗೆಯಾಡುವ ನೈಟ್ರಿಕ್ ಆಮ್ಲ ಬೇಕು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಆ ಸಾಹಸ ಖಂಡಿತ ಬೇಡ. ಕಿಟಕಿಯ ಇಪ್ರಾಮ್‌ಗೆ ಅದರ ಅಗತ್ಯವೂ ಇಲ್ಲ. ಹಳೆಯ ಕಿಟ್‌ಗಳು ಗುಜರಿಗೆ ಹೋಗುವ ಮುನ್ನ ಕಡೂರು, ತರೀಕೆರೆ, ಅಜ್ಜಂಪುರದ ಮೇಷ್ಟ್ರುಗಳು ಒಂದೆರಡು ಇಪ್ರಾಮ್‌ಗಳನ್ನು ತೆಗೆದಿಟ್ಟು, ಮಕ್ಕಳ ಕೈಗೆ ಭೂತಗನ್ನಡಿಯ ಜೊತೆ ಕೊಡಲಿ.